ವೈದ್ಯರ ಚೀಟಿ, ಲ್ಯಾಬ್ ವರದಿ, ಮಾತ್ರೆಯ ಪಟ್ಟಿ: ವೈದ್ಯಕೀಯ ಪದಗಳ ಅರ್ಥ ಮತ್ತು ಮೂಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವರದಿ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಅದರಲ್ಲಿರುವ ಅತಿ ಉದ್ದದ ಪದದ ಮೇಲೆ. ಪದ ಉದ್ದವಿದ್ದಷ್ಟೂ ರೋಗ ದೊಡ್ಡದು ಎಂಬ ಲೆಕ್ಕ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಆದರೆ ‘ಒನಿಕೊಕ್ರಿಪ್ಟೋಸಿಸ್’ ಎಂದರೆ ಕಾಲ್ಬೆರಳಿನ ಉಗುರು ಮಾಂಸದೊಳಕ್ಕೆ ಬೆಳೆಯುವುದು, ಅಷ್ಟೇ. ‘ಸ್ಟ್ರೋಕ್’ (ಪಾರ್ಶ್ವವಾಯು) ಎಂಬ ಪುಟ್ಟ ಪದ ಕಂಡರೆ ಮಾತ್ರ ಒಂದು ನಿಮಿಷವೂ ತಡ ಮಾಡುವಂತಿಲ್ಲ.

ನಮಗೆ ಅರ್ಥವಾಗಬಾರದೆಂದೇ ವೈದ್ಯರು ಇಂಥ ಪದ ಬಳಸುತ್ತಾರೆಯೇ?

ಇಲ್ಲ. ಆದರೂ ಈ ಅನುಮಾನ ಯಾರಿಗಾದರೂ ಬರುವಂಥದ್ದೇ. ಕ್ರಿ.ಪೂ. 5ನೇ ಶತಮಾನದ ಹಿಪೊಕ್ರೇಟಿಸ್ ಮತ್ತು ಅವನ ಪರಂಪರೆಯವರು ಬರೆದದ್ದು ಗ್ರೀಕಿನಲ್ಲಿ. ರೋಮನ್ನರ ಆಳ್ವಿಕೆ ಬಂದ ಮೇಲೂ ವೈದ್ಯದ ಭಾಷೆ ಬಹುಪಾಲು ಗ್ರೀಕ್ ಆಗಿಯೇ ಉಳಿಯಿತು, ಕ್ರಿ.ಶ. 2ನೇ ಶತಮಾನದಲ್ಲಿ ರೋಮಿನಲ್ಲೇ ಚಿಕಿತ್ಸೆ ನಡೆಸುತ್ತಿದ್ದ ಗ್ಯಾಲನ್ ಕೂಡ ಗ್ರೀಕಿನಲ್ಲೇ ಬರೆದ. ಆಮೇಲೆ ಯುರೋಪಿನ ವಿಶ್ವವಿದ್ಯಾಲಯಗಳು ಲ್ಯಾಟಿನ್ನಿಗೆ ಒಗ್ಗಿಕೊಂಡವು. 1543ರಲ್ಲಿ ವೆಸೇಲಿಯಸ್ ಮನುಷ್ಯದೇಹದ ರಚನೆಯ ಬಗ್ಗೆ ಪ್ರಕಟಿಸಿದ ಗ್ರಂಥವೂ, 1628ರಲ್ಲಿ ವಿಲಿಯಂ ಹಾರ್ವಿ ರಕ್ತಪರಿಚಲನೆಯ ಬಗ್ಗೆ ಬರೆದದ್ದೂ ಲ್ಯಾಟಿನ್ನಿನಲ್ಲೇ.

ಆ ಪದಗಳು ಇಂದಿಗೂ ಬಾಳುತ್ತಿರುವುದು ಅವು ಖಚಿತವಾಗಿರುವುದರಿಂದ. ‘ಹೊಟ್ಟೆ ಉರಿಯುತ್ತಿದೆ’ ಎಂದರೆ ಉರಿ ಎಲ್ಲಿ ಎಂಬುದು ತಿಳಿಯುವುದಿಲ್ಲ. ಇಸೊಫಜೈಟಿಸ್ ಎಂದರೆ ಅನ್ನನಾಳ, ಗ್ಯಾಸ್ಟ್ರೈಟಿಸ್ ಎಂದರೆ ಜಠರ, ಡ್ಯುವೊಡಿನೈಟಿಸ್ ಎಂದರೆ ಸಣ್ಣಕರುಳಿನ ಮೊದಲ ಭಾಗ. ಇನ್ನೊಂದು ಊರಿನ, ಇನ್ನೊಂದು ಭಾಷೆಯ ವೈದ್ಯರಿಗೂ ಅದೇ ಜಾಗ ಕಣ್ಣಿಗೆ ಬರುತ್ತದೆ. ಹಾಗೆಂದು ರೋಗಿಯ ಮುಂದೆಯೂ ಅದೇ ಪದ ಉದುರಿಸಿ ಸುಮ್ಮನಾಗುವ ವೈದ್ಯರ ಪರ ವಕಾಲತ್ತು ವಹಿಸಲು ನಾನು ಸಿದ್ಧನಿಲ್ಲ.

ಉದ್ದದ ಪದವನ್ನು ಬಿಡಿಸಿಕೊಳ್ಳುವುದು ಹೇಗೆ?

ಬಾಲದಿಂದ ಶುರು ಮಾಡಿ. ‘ಲ್ಯಾಪರೊಸ್ಕೊಪಿಕ್ ಕೊಲೆಸಿಸ್ಟೆಕ್ಟಮಿ’ ಎಂದು ಬರೆದಿದ್ದಾರೆ ಎನ್ನಿ. ಕೊನೆಯ ‘ಎಕ್ಟಮಿ’ ಗ್ರೀಕಿನ ‘ಎಕ್’ (ಹೊರಗೆ) ಮತ್ತು ‘ಟೊಮೆ’ (ಕತ್ತರಿಸುವಿಕೆ) ಸೇರಿ ಆದದ್ದು. ಅಂದರೆ ಕತ್ತರಿಸಿ ತೆಗೆಯುವುದು. ತೆಗೆಯುವುದು ಏನನ್ನು? ‘ಕೊಲೆ’ ಎಂದರೆ ಪಿತ್ತ, ‘ಕಿಸ್ಟಿಸ್’ ಎಂದರೆ ಚೀಲ. ನಮ್ಮ ‘ಪಿತ್ತಕೋಶ’ ಎಂಬ ಪದದ ಕಟ್ಟಡವೂ ಥೇಟ್ ಹೀಗೆಯೇ ಇದೆ. ಮುಂದಿನ ‘ಲ್ಯಾಪರಾ’ ಎಂದರೆ ಪಕ್ಕೆಲುಬಿಗೂ ಸೊಂಟಕ್ಕೂ ನಡುವಿನ ಮೆತ್ತನೆಯ ಭಾಗ, ‘ಸ್ಕೊಪೈನ್’ ಎಂದರೆ ನೋಡು. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ನೋಡುತ್ತಾ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಎಂಬಲ್ಲಿಗೆ ಪದದ ಕಥೆ ಮುಗಿಯಿತು. (ಕೊಲೆಸ್ಟರಾಲ್‌ನಲ್ಲಿ ಇರುವುದೂ ಇದೇ ಪಿತ್ತ, ಜೊತೆಗಿರುವ ‘ಸ್ಟೆರಿಯೊಸ್’ ಎಂದರೆ ಗಟ್ಟಿಯಾದದ್ದು. ಅದನ್ನು ಮೊದಲು ಬೇರ್ಪಡಿಸಿದ್ದು ಪಿತ್ತಕೋಶದ ಕಲ್ಲುಗಳಿಂದ. ಕನ್ನಡದ ‘ಕೊಲೆ’ಗೂ ಅದಕ್ಕೂ ನಂಟಿಲ್ಲ, ಹೃದಯದ ವೈದ್ಯರು ಏನೇ ಹೇಳಲಿ.)

ಇನ್ನಷ್ಟು ಬಾಲಗಳು: ‘ಟಮಿ’ ಎಂದಷ್ಟೇ ಇದ್ದರೆ ಕೊಯ್ಯುವುದು, ತೆಗೆಯಲೇಬೇಕೆಂದಿಲ್ಲ. ‘ಸ್ಟಮಿ’ ಎಂದರೆ ಹೊಸದೊಂದು ಬಾಯಿ ಮಾಡುವುದು; ಕೊಲಾಸ್ಟಮಿಯಲ್ಲಿ ದೊಡ್ಡಕರುಳನ್ನು ಹೊಟ್ಟೆಯ ಮೇಲ್ಮೈಗೆ ತೆರೆಯುತ್ತಾರೆ. ‘ಪ್ಲಾಸ್ಟಿ’ ಎಂದರೆ ರೂಪ ಕೊಡುವುದು. ‘ಪೀನಿಯಾ’ ಎಂದರೆ ಬಡತನ, ಆದ್ದರಿಂದ ಥ್ರಾಂಬೊಸೈಟೊಪೀನಿಯಾ ಎಂದರೆ ಪ್ಲೇಟ್‌ಲೆಟ್‌ಗಳ ಬಡತನ. ಡೆಂಗಿ ಬಂದವರ ರಕ್ತದ ವರದಿಯಲ್ಲಿ ಇದನ್ನು ನೀವು ನೋಡಿರಬಹುದು. ‘ಯೂರಿಯಾ’ ಬಾಲವಿದ್ದರೆ ವಿಷಯ ಮೂತ್ರದ್ದು, ‘ಈಮಿಯಾ’ ಇದ್ದರೆ ರಕ್ತದ್ದು, ‘ಆಲ್ಜಿಯಾ’ ಇದ್ದರೆ ನೋವಿನದು.

ಐಟಿಸ್, ಓಸಿಸ್, ಓಮಾ: ಈ ಮೂರರ ನಡುವೆ ಏನು ವ್ಯತ್ಯಾಸ?

‘ಐಟಿಸ್’ ಎಂದರೆ ಉರಿಯೂತ. ಮೂಲದಲ್ಲಿ ಅದಕ್ಕೆ ‘ಸಂಬಂಧಪಟ್ಟ’ ಎಂಬಷ್ಟೇ ಅರ್ಥವಿತ್ತು. ಗ್ರೀಕರು ‘ಆರ್ಥ್ರೈಟಿಸ್ ನೊಸೊಸ್’, ಅಂದರೆ ‘ಕೀಲಿಗೆ ಸಂಬಂಧಪಟ್ಟ ಕಾಯಿಲೆ’ ಎನ್ನುತ್ತಿದ್ದರು. ಕಾಲಕ್ರಮೇಣ ನೊಸೊಸ್ ಉದುರಿತು. ಒಂಟಿಯಾಗಿ ಉಳಿದ ಬಾಲಕ್ಕೆ ಉರಿಯೂತದ ಅರ್ಥ ಅಂಟಿಕೊಂಡಿತು. ಉರಿಯೂತದ ನಾಲ್ಕು ಲಕ್ಷಣಗಳನ್ನು ಮೊದಲನೇ ಶತಮಾನದಲ್ಲೇ ರೋಮಿನ ಸೆಲ್ಸಸ್ ಪಟ್ಟಿ ಮಾಡಿದ್ದ: ಕೆಂಪು, ಊತ, ಬಿಸಿ, ನೋವು.

‘ಓಸಿಸ್’ ಎಂದರೆ ಒಂದು ಸ್ಥಿತಿ, ಒಂದು ಬದಲಾವಣೆ. ಕತ್ತುನೋವಿಗೆ ತೆಗೆದ ಎಕ್ಸ್‌ರೇಯಲ್ಲಿ ‘ಸ್ಪಾಂಡಿಲೋಸಿಸ್’ ಎಂದಿದ್ದರೆ ಬೆನ್ನುಮೂಳೆಯ ಕೀಲುಗಳು ಸವೆದಿವೆ ಎಂದರ್ಥ. ವಯಸ್ಸಾದಂತೆ ಬಹುಮಂದಿಗೆ ಇದು ಆಗುತ್ತದೆ. ‘ಸ್ಪಾಂಡಿಲೈಟಿಸ್’ ಎಂದರೆ ಅಲ್ಲಿ ಉರಿಯೂತವಿದೆ, ಚಿಕಿತ್ಸೆಯೂ ಬೇರೆ. ಮಾತಿನಲ್ಲಿ ಎರಡನ್ನೂ ‘ಸ್ಪಾಂಡಿಲೈಟಿಸ್’ ಎಂದೇ ಕರೆದುಬಿಡುತ್ತೇವೆ.

‘ಓಮಾ’ ಕಂಡರೆ ಸಾಮಾನ್ಯವಾಗಿ ಗಡ್ಡೆ ಎಂದುಕೊಳ್ಳಬಹುದು, ಆದರೆ ಈ ಬಾಲವನ್ನು ಪೂರ್ತಿ ನಂಬಬೇಡಿ. ಲೈಪೊಮಾ ಕೊಬ್ಬಿನ ಗಡ್ಡೆ, ತೊಂದರೆ ಕೊಡುವುದು ಅಪರೂಪ. ಮೆಲನೋಮಾ ಅಪಾಯಕಾರಿ ಕ್ಯಾನ್ಸರ್. ಹಿಮಟೋಮಾ ಎಂದರೆ ಪೆಟ್ಟು ಬಿದ್ದಲ್ಲಿ ರಕ್ತ ಹೆಪ್ಪುಗಟ್ಟಿ ನಿಂತದ್ದು. ಗ್ಲಾಕೋಮಾದಲ್ಲಿ ಗಡ್ಡೆಯೇ ಇಲ್ಲ. ‘ಗ್ಲಾಕೋಸ್’ ಎಂದರೆ ಬೂದು ಬೆರೆತ ನೀಲಿ-ಹಸಿರು, ಕಣ್ಣಿನ ಬಣ್ಣ ಹಾಗೆ ಕಂಡದ್ದರಿಂದ ಬಂದ ಹೆಸರು.

ಗ್ರೀಕ್, ಲ್ಯಾಟಿನ್ ಗೊತ್ತಿಲ್ಲದ ನನಗೆ ಇದೆಲ್ಲ ನೆನಪಿರುವುದು ಹೇಗೆ?

ಅರ್ಧಕ್ಕರ್ಧ ನಿಮಗೆ ಈಗಾಗಲೇ ಗೊತ್ತಿದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಮೂಲಭಾಷೆಯಿಂದ ಕವಲೊಡೆದವು. ಕನ್ನಡ ದ್ರಾವಿಡ ಭಾಷೆ, ಆ ಮನೆತನದ್ದಲ್ಲ. ಆದರೆ ಸಂಸ್ಕೃತದಿಂದ ನಾವು ತಂದುಕೊಂಡ ಪದಗಳು ದಿನಬೆಳಗಾದರೆ ನಮ್ಮ ಬಾಯಲ್ಲಿವೆ. ಅವುಗಳ ದಾಯಾದಿಗಳೇ ಆಸ್ಪತ್ರೆಯಲ್ಲಿ ಎದುರಾಗುವುದು.

ಮೊದಲು ಪದದ ತಲೆಗಳನ್ನು ನೋಡಿ. ಗ್ರೀಕಿನ ‘ಅ’, ‘ಅನ್’ ಇಲ್ಲ ಎನ್ನುವುದಕ್ಕೆ ಬಳಕೆಯಾಗುತ್ತವೆ. ನಮ್ಮ ಅಶಕ್ತ, ಅನಂತದಲ್ಲಿ ಇರುವಂತೆಯೇ. ಅನೀಮಿಯಾ ಎಂದರೆ ಅಕ್ಷರಶಃ ರಕ್ತವಿಲ್ಲದಿರುವಿಕೆ, ಆಪ್ನಿಯಾ ಎಂದರೆ ಉಸಿರಿಲ್ಲದಿರುವಿಕೆ. ‘ಹೈಪರ್’ ಮತ್ತು ‘ಉಪರಿ’ ಒಡಹುಟ್ಟಿದವು, ಎರಡಕ್ಕೂ ಮೇಲೆ ಎಂದರ್ಥ. ‘ಹೈಪೊ’ ಮತ್ತು ‘ಉಪ’ ಹಾಗೆಯೇ. ಹೈಪೊ ಎಂದರೆ ಕೆಳಗೆ, ಕಡಿಮೆ. ಹೈಪರ್‌ಗ್ಲೈಸೀಮಿಯಾ, ಹೈಪೊಗ್ಲೈಸೀಮಿಯಾ ಎಂಬೆರಡರಲ್ಲಿ ಸಕ್ಕರೆ ಏರಿದ್ದು ಯಾವುದು, ಇಳಿದದ್ದು ಯಾವುದು ಎಂಬ ಗೊಂದಲಕ್ಕೆ ಇದಕ್ಕಿಂತ ಸುಲಭದ ಪರಿಹಾರ ನನಗೆ ಸಿಕ್ಕಿಲ್ಲ. ‘ಪೆರಿ’ ಎಂಬುದು ಪರಿಧಿ, ಪರಿಸರದ ‘ಪರಿ’: ಪೆರಿಕಾರ್ಡಿಯಂ ಹೃದಯದ ಸುತ್ತಲಿನ ಚೀಲ. ‘ಡಿಸ್’ ಎಂಬುದು ದುರ್ಬಲ, ದುಷ್ಟದ ‘ದುಸ್’. ಡಿಸ್ಪೆಪ್ಸಿಯಾದ ‘ಪೆಪ್ಸಿಸ್’ ಕೂಡ ನಮ್ಮ ಪಚನ, ಪಕ್ವ, ಪಾಕದ ಬಳಗದ್ದೇ; ಕೆಟ್ಟ ಪಚನವೇ ಅಜೀರ್ಣ.

ಇನ್ನು ಅಂಗಗಳು. ಅಸ್ಥಿಯ ಗ್ರೀಕ್ ದಾಯಾದಿ ‘ಒಸ್ಟಿಯೊನ್’, ಹಾಗಾಗಿ ಆಸ್ಟಿಯೊಪೊರೋಸಿಸ್ ಎಂದರೆ ಮೂಳೆ ರಂಧ್ರಮಯವಾಗುವುದು. ದಂತ ಮತ್ತು ಡೆಂಟಲ್, ನಾಸಿಕ ಮತ್ತು ನೇಸಲ್‌ಗಳ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ‘ಆಜಾನುಬಾಹು’ ಎಂಬುದರಲ್ಲಿರುವ ಜಾನು ಲ್ಯಾಟಿನ್ನಿನಲ್ಲಿ ‘ಗೆನು’. ಮೊಣಕಾಲು ಒಳಕ್ಕೆ ಬಾಗಿದ್ದರೆ ವೈದ್ಯರು ‘ಜೆನು ವಾಲ್ಗಂ’ ಎಂದು ಬರೆಯುತ್ತಾರೆ. ಆಗಲೇ ಹೇಳಿದ ಒನಿಕೊಕ್ರಿಪ್ಟೋಸಿಸ್‌ನ ‘ಒನಿಕ್ಸ್’ ನಮ್ಮ ನಖ. ಸ್ಕ್ಯಾನ್ ವರದಿಗಳಲ್ಲಿ ಆಗಾಗ ಕಾಣುವ ‘ಹೆಪಟೊಮೆಗಲಿ’ಯನ್ನು ನೋಡಿ. ‘ಹೆಪಾರ್’ ಎಂಬುದು ಯಕೃತ್ತಿನ ಬಂಧು, ‘ಮೆಗಾಸ್’ ಎಂಬುದು ಮಹತ್ತಿನ ಬಂಧು. ಹಿಗ್ಗಿದ ಯಕೃತ್ತು ಎಂಬುದನ್ನು ಪದವೇ ಹೇಳುತ್ತಿದೆ. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ‘ನಿಯೊನೇಟಲ್’. ‘ನಿಯೊ’ ಎಂದರೆ ನವ, ‘ನೇಟಸ್’ ಎಂದರೆ ಜಾತ. ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲ ಮೇಲಿರುವ ಆ ಪದವೂ ನಮ್ಮ ‘ನವಜಾತ’ವೂ ಬೇರುಸಹಿತ ಒಂದೇ.

ಆದರೆ ಕಿವಿಗೆ ಒಂದೇ ಎನಿಸಿದ್ದೆಲ್ಲ ನಂಟಲ್ಲ. ಪಾದಕ್ಕೂ ಪೀಡಿಯಾಟ್ರಿಕ್ಸ್‌ಗೂ ಸಂಬಂಧವಿಲ್ಲ. ಅಲ್ಲಿರುವುದು ಮಗು ಎಂಬರ್ಥದ ‘ಪೈಸ್’. ಆರ್ಥೊಪೀಡಿಕ್ಸ್‌ನಲ್ಲಿ ಇರುವುದೂ ಅದೇ ಮಗು. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿ ಈ ಪದ ಕಟ್ಟಿದ್ದು ಮಕ್ಕಳ ಅಂಗವಕ್ರತೆಯನ್ನು ನೇರ ಮಾಡುವ ಕಲೆಗೆ. ಇಂದು ಎಂಬತ್ತರ ಅಜ್ಜಿಯೂ ಮಂಡಿ ಬದಲಾಯಿಸಿಕೊಳ್ಳಲು ಅದೇ ವಿಭಾಗಕ್ಕೆ ಹೋಗುತ್ತಾರೆ.

ಮೂತ್ರಪಿಂಡಕ್ಕೆ ಒಮ್ಮೆ ‘ರೀನಲ್’, ಒಮ್ಮೆ ‘ನೆಫ್ರೊ’ ಎನ್ನುತ್ತಾರಲ್ಲ?

ಒಂದು ಲ್ಯಾಟಿನ್, ಇನ್ನೊಂದು ಗ್ರೀಕ್, ಅಂಗ ಒಂದೇ. ಅಂಗಗಳ ಹೆಸರು, ವಿಶೇಷಣಗಳಲ್ಲಿ ಲ್ಯಾಟಿನ್ ಹೆಚ್ಚು, ರೋಗ ಮತ್ತು ಶಸ್ತ್ರಚಿಕಿತ್ಸೆಗಳಲ್ಲಿ ಗ್ರೀಕ್ ಹೆಚ್ಚು. ಹಾಗಾಗಿ ರೀನಲ್ ಆರ್ಟರಿ, ಆದರೆ ನೆಫ್ರೈಟಿಸ್. ಶ್ವಾಸಕೋಶಕ್ಕೂ ಹೀಗೆಯೇ: ಪಲ್ಮನರಿ, ಆದರೆ ನ್ಯುಮೋನಿಯಾ.

ಹೈಪರ್‌ಟೆನ್ಶನ್ ಎಂದರೆ ಟೆನ್ಶನ್ ಜಾಸ್ತಿ ಮಾಡಿಕೊಳ್ಳುವುದೇ?

ಈ ಒಂದು ತಪ್ಪುಗ್ರಹಿಕೆಯಿಂದ ಎಷ್ಟೋ ಜನ ಮಾತ್ರೆ ಬಿಟ್ಟಿದ್ದಾರೆ: ‘ನನಗೆ ಈಗ ಯಾವ ಟೆನ್ಶನ್ನೂ ಇಲ್ಲ, ಮಾತ್ರೆ ಯಾಕೆ?’ ಲ್ಯಾಟಿನ್ನಿನಲ್ಲಿ ‘ಟೆನ್ಸಿಯೊ’ ಎಂದರೆ ಎಳೆತ, ಬಿಗಿತ. ಇಲ್ಲಿ ಅದು ರಕ್ತನಾಳದ ಗೋಡೆಯ ಮೇಲೆ ರಕ್ತ ಹಾಕುವ ಒತ್ತಡ. ಮನಸ್ಸು ತಣ್ಣಗಿರುವವರಿಗೂ ರಕ್ತದೊತ್ತಡ ಏರಿರುತ್ತದೆ, ಬಹುತೇಕ ಸಲ ಯಾವ ಸುಳಿವೂ ಕೊಡದೆ. ‘ಎಸೆನ್ಶಿಯಲ್ ಹೈಪರ್‌ಟೆನ್ಶನ್’ ಎಂದಿದ್ದರೂ ಗಾಬರಿ ಬೇಡ, ಆ ಒತ್ತಡ ದೇಹಕ್ಕೆ ಅವಶ್ಯಕ ಎಂದೂ ತಿಳಿಯಬೇಡಿ. ಬೇರೆ ಯಾವುದೋ ನಿರ್ದಿಷ್ಟ ಕಾಯಿಲೆಯಿಂದ ಬಂದದ್ದಲ್ಲ ಎಂಬುದಷ್ಟೇ ಅದರ ಅರ್ಥ.

‘ಅಕ್ಯೂಟ್’ ಎಂದು ಬರೆದಿದ್ದಾರೆ. ಪರಿಸ್ಥಿತಿ ಗಂಭೀರವೇ?

ಹಾಗೇನಿಲ್ಲ. ‘ಅಕ್ಯೂಟಸ್’ ಎಂದರೆ ಚೂಪಾದದ್ದು. ವೈದ್ಯಕೀಯದಲ್ಲಿ ಅದು ಕಾಲದ ಮಾತು: ಥಟ್ಟನೆ ಶುರುವಾಗಿ ಕಡಿಮೆ ಅವಧಿ ಇರುವ ತೊಂದರೆ. ಮಾಮೂಲಿ ನೆಗಡಿಯೂ ಅಕ್ಯೂಟ್. ಅದರ ಎದುರು ‘ಕ್ರಾನಿಕ್’, ಕಾಲ ಎಂಬರ್ಥದ ‘ಕ್ರೊನೊಸ್’ನಿಂದ ಬಂದದ್ದು, ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವಂಥದ್ದು. ಕನ್ನಡದಲ್ಲಿ ಅಕ್ಯೂಟ್‌ಗೆ ‘ತೀವ್ರ’ ಎಂದು ಬರೆಯುವ ರೂಢಿ ಬಂದಿದೆ, ಅದೇ ಗೊಂದಲದ ಬೇರು. ‘ಹಠಾತ್’ ಎಂದಿದ್ದರೆ ಎಷ್ಟೋ ಮನೆಗಳಲ್ಲಿ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಕಾಯಿಲೆ ಎಷ್ಟು ಜೋರಾಗಿದೆ ಎನ್ನುವುದಕ್ಕೆ ಮೈಲ್ಡ್, ಮಾಡರೇಟ್, ಸಿವಿಯರ್ ಎಂಬ ಬೇರೆಯೇ ಪದಗಳಿವೆ.

ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್, ಹಾರ್ಟ್ ಫೇಲ್ಯೂರ್ ಎಲ್ಲ ಒಂದೇ ಅಲ್ಲವೇ?

ಮೂರೂ ಬೇರೆ. ಪತ್ರಿಕೆಗಳ ನಿಧನ ವಾರ್ತೆಯಲ್ಲಿ ಮೂರಕ್ಕೂ ‘ಹೃದಯಾಘಾತ’ ಎಂದೇ ಬರೆದು ಮುಗಿಸುತ್ತಾರೆ.

ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡು ಆ ಭಾಗದ ಸ್ನಾಯು ಸಾಯತೊಡಗುತ್ತದೆ. ವೈದ್ಯಕೀಯ ಹೆಸರು ಮಯೊಕಾರ್ಡಿಯಲ್ ಇನ್‌ಫಾರ್ಕ್ಷನ್. ಲ್ಯಾಟಿನ್ ಮೂಲದ ‘ಇನ್‌ಫಾರ್ಸಿರೆ’ ಎಂದರೆ ತುರುಕು. ವ್ಯಕ್ತಿ ಮಾತನಾಡುತ್ತಿರಬಹುದು, ನಡೆದೇ ಆಸ್ಪತ್ರೆಗೆ ಬಂದಿರಬಹುದು. ಕಾರ್ಡಿಯಾಕ್ ಅರೆಸ್ಟ್, ಅಂದರೆ ಹೃದಯ ಸ್ತಂಭನದಲ್ಲಿ, ರಕ್ತವನ್ನು ತಳ್ಳುವ ಕೆಲಸವೇ ನಿಂತುಹೋಗಿರುತ್ತದೆ. ವ್ಯಕ್ತಿ ಕುಸಿದು ಬೀಳುತ್ತಾನೆ, ನಾಡಿ ಸಿಗುವುದಿಲ್ಲ, ಆಗಲೇ ಎದೆ ಒತ್ತಲು ಶುರು ಮಾಡಬೇಕು. ಹೃದಯಾಘಾತದಿಂದ ಸ್ತಂಭನ ಆಗಬಹುದು, ಆದರೆ ಎಲ್ಲ ಸ್ತಂಭನಕ್ಕೂ ಆಘಾತ ಕಾರಣವಲ್ಲ. ಹಾರ್ಟ್ ಫೇಲ್ಯೂರ್ ಎಂಬ ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಅದರಲ್ಲಿ ಹೃದಯ ನಿಂತಿರುವುದಿಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾಗದೆ ಬಳಲಿರುತ್ತದೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಔಷಧಿ ತೆಗೆದುಕೊಂಡು ವರ್ಷಗಟ್ಟಲೆ ಬಾಳುವವರಿದ್ದಾರೆ.

ಪದದ ಮೂಲಾರ್ಥ ತಿಳಿದರೆ ರೋಗವೇನೆಂದು ತಿಳಿದಂತೆಯೇ?

ಇಲ್ಲೇ ಹುಷಾರಾಗಿರಬೇಕು. ಹಳೆಯ ಹೆಸರುಗಳಲ್ಲಿ ಹಳೆಯ ತಪ್ಪುಗಳೂ ಉಳಿದುಕೊಂಡಿವೆ. ಮಲೇರಿಯಾ ಇಟಲಿಯ ‘ಮಲಾ ಆರಿಯಾ’, ಕೆಟ್ಟ ಗಾಳಿ. ಜೌಗುಪ್ರದೇಶದ ಗಾಳಿಯೇ ಜ್ವರ ತರುತ್ತದೆ ಎಂದು ನಂಬಿದ್ದರು. 1880ರಲ್ಲಿ ಲ್ಯಾವೆರಾನ್ ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿಯನ್ನು ಕಂಡ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯೊಳಗೂ ಕಂಡ. ಗಾಳಿ ನಿರಪರಾಧಿ ಎಂದು ಸಾಬೀತಾಯಿತು, ಹೆಸರು ಮಾತ್ರ ಬದಲಾಗಲಿಲ್ಲ.

ಸತ್ತ ದೇಹವನ್ನು ಸೀಳಿ ನೋಡಿದಾಗ ಅಪಧಮನಿಗಳು, ಅಂದರೆ ಆರ್ಟರಿಗಳು, ಖಾಲಿಯಾಗಿ ಕಾಣುತ್ತವೆ. ಅವುಗಳಲ್ಲಿ ಹರಿಯುವುದು ಗಾಳಿ ಎಂದೇ ಪ್ರಾಚೀನ ಗ್ರೀಕರಲ್ಲಿ ಹಲವರು ನಂಬಿದ್ದರು. ‘ಆರ್ಟೀರಿಯಾ’ ಎಂಬ ಹೆಸರು ಶ್ವಾಸನಾಳಕ್ಕೂ ಸಲ್ಲುತ್ತಿತ್ತು. ಅವುಗಳಲ್ಲಿ ಇರುವುದು ರಕ್ತವೇ ಎಂದು ಪ್ರಯೋಗ ಮಾಡಿ ತೋರಿಸಿದ್ದು ಗ್ಯಾಲನ್. ಇನ್‌ಫ್ಲುಯೆಂಜಾ ಎಂದರೆ ನಕ್ಷತ್ರಗಳ ಪ್ರಭಾವ. ಕ್ಯಾಟರ್ಯಾಕ್ಟ್ ಎಂದರೆ ಜಲಪಾತ, ಕಣ್ಣಿನೊಳಗೆ ಯಾವುದೋ ದ್ರವ ಇಳಿದು ನಿಂತಿದೆ ಎಂಬ ಊಹೆಯಿಂದ ಬಂದ ಹೆಸರು. ಮಬ್ಬಾಗುವುದು ಕಣ್ಣಿನ ಮಸೂರವೇ ಎಂಬುದು ಸ್ಪಷ್ಟವಾದದ್ದು 18ನೇ ಶತಮಾನದ ಆರಂಭದಲ್ಲಿ. ನಮ್ಮ ‘ಪೊರೆ’ ಕೂಡ ಪೂರ್ತಿ ಸರಿಯಲ್ಲ ಬಿಡಿ, ಬೆಳೆದ ಪೊರೆಯೊಂದನ್ನು ಸುಲಿದು ತೆಗೆಯುತ್ತಾರೆ ಎಂಬ ಭಾವನೆ ಅದರಿಂದಲೇ ಹುಟ್ಟಿದ್ದು.

ಕೆಲವು ತಪ್ಪುಗಳು ಬರೀ ತಮಾಷೆಯಾಗಿ ಉಳಿಯಲಿಲ್ಲ. ‘ಹಿಸ್ಟೆರಾ’ ಎಂದರೆ ಗರ್ಭಕೋಶ. ಹೆಂಗಸರ ಮನೋಯಾತನೆಗೆಲ್ಲ ಗರ್ಭಕೋಶವೇ ಕಾರಣ ಎಂದು ‘ಹಿಸ್ಟೀರಿಯಾ’ ಎಂಬ ಹಣೆಪಟ್ಟಿ ಹಚ್ಚಿ ಶತಮಾನಗಳ ಕಾಲ ಅವರ ಮಾತಿಗೆ ಕಿವಿಗೊಡದೆ ಇದ್ದರು. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಿಂದ ಆ ರೋಗನಾಮ ಹೊರಬಿದ್ದದ್ದು 1980ರಲ್ಲಿ. ಗರ್ಭಕೋಶ ತೆಗೆಯುವ ಹಿಸ್ಟರೆಕ್ಟಮಿಯಲ್ಲಿ ಅದೇ ಬೇರು ನ್ಯಾಯವಾಗಿಯೇ ಉಳಿದಿದೆ.

ಸ್ಕ್ಯಾನ್ ವರದಿಯಲ್ಲಿ ‘ರೈಟ್ ಹೈಪೊಕಾಂಡ್ರಿಯಂ’ನಲ್ಲಿ ನೋವು ಎಂದಿದೆ. ನಾನು ಇಲ್ಲದ ರೋಗ ಕಲ್ಪಿಸಿಕೊಳ್ಳುತ್ತಿದ್ದೇನೆ ಎನ್ನುತ್ತಿದ್ದಾರೆಯೇ?

ಅಲ್ಲ. ‘ಕಾಂಡ್ರೊಸ್’ ಎಂದರೆ ಮೃದ್ವಸ್ಥಿ. ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಜಾಗ, ಬಲಗಡೆ, ಅಂದರೆ ಯಕೃತ್ತು ಮತ್ತು ಪಿತ್ತಕೋಶ ಇರುವಲ್ಲಿ. ವಿಷಾದ ಹುಟ್ಟುವುದು ಆ ಜಾಗದಲ್ಲೇ ಎಂದು ಹಿಂದಿನವರು ನಂಬಿದ್ದರಿಂದ ‘ಹೈಪೊಕಾಂಡ್ರಿಯಾ’ಕ್ಕೆ ಇಲ್ಲದ ರೋಗ ಕಲ್ಪಿಸಿಕೊಳ್ಳುವುದು ಎಂಬ ಮನಸ್ಸಿನ ಅರ್ಥ ಬಂತು.

ಟ್ಯೂಮರ್ ಎಂದರೆ ಕ್ಯಾನ್ಸರೇ? ಕ್ಯಾನ್ಸರಿಗೂ ಏಡಿಗೂ ಏನು ಸಂಬಂಧ?

‘ಟ್ಯೂಮರ್’ ಎಂದರೆ ಊತ, ಸೆಲ್ಸಸ್‌ನ ಪಟ್ಟಿಯಲ್ಲಿ ಇದ್ದದ್ದೇ. ಇಂದು ಅದಕ್ಕೆ ಗಡ್ಡೆ ಎಂಬ ಅರ್ಥ. ‘ಬಿನೈನ್’ ಎಂದರೆ ಸೌಮ್ಯ ಸ್ವಭಾವದ್ದು, ಇದ್ದಲ್ಲೇ ಇರುತ್ತದೆ. ‘ಮ್ಯಾಲಿಗ್ನಂಟ್’ ಎಂದರೆ ಕೆಡುಕು ಸ್ವಭಾವದ್ದು. ಅಕ್ಕಪಕ್ಕಕ್ಕೆ ನುಗ್ಗುತ್ತದೆ, ದೂರದ ಅಂಗಗಳಿಗೂ ಹರಡುತ್ತದೆ. ಎರಡನೆಯದು ಮಾತ್ರ ಕ್ಯಾನ್ಸರ್.

ಗ್ರೀಕಿನ ‘ಕಾರ್ಕಿನೊಸ್’ ಮತ್ತು ಲ್ಯಾಟಿನ್ನಿನ ‘ಕ್ಯಾನ್ಸರ್’ ಎರಡಕ್ಕೂ ಏಡಿ ಎಂದರ್ಥ. ಹಿಪೊಕ್ರೇಟಿಸ್‌ನ ಪರಂಪರೆಯವರೇ ಈ ಹೆಸರಿಟ್ಟರು. ಸ್ತನದ ಗಡ್ಡೆಯ ಸುತ್ತ ಉಬ್ಬಿ ಹರಡಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಾಣುತ್ತವೆ ಎಂದು ಗ್ಯಾಲನ್ ವಿವರಿಸಿದ್ದಾನೆ. ಬಯಾಪ್ಸಿ ಎಂದ ಕೂಡಲೇ ಕ್ಯಾನ್ಸರ್ ಎಂದು ತೀರ್ಮಾನಿಸುವುದೂ ಬೇಡ. ‘ಬಯೊಸ್’ ಎಂದರೆ ಜೀವ, ‘ಆಪ್ಸಿಸ್’ ಎಂದರೆ ನೋಟ. ಜೀವಂತ ದೇಹದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುವುದು. ಕ್ಯಾನ್ಸರ್ ಇಲ್ಲ ಎಂದು ಖಚಿತಪಡಿಸಿಕೊಳ್ಳಲೂ ಅದನ್ನೇ ಮಾಡುತ್ತಾರೆ.

ಡಯಾಬಿಟಿಸ್ ಎಂಬ ಪದದಲ್ಲಿ ಸಕ್ಕರೆ ಎಲ್ಲಿದೆ?

ಎಲ್ಲೂ ಇಲ್ಲ. ‘ಡಯಾಬೈನೈನ್’ ಎಂದರೆ ಹಾದುಹೋಗು. ಕುಡಿದ ನೀರೆಲ್ಲ ದೇಹದಲ್ಲಿ ನಿಲ್ಲದೆ ಹರಿದುಹೋಗುತ್ತದೆ ಎಂಬ ವರ್ಣನೆ ಅದು. ಕಪ್ಪಡೋಸಿಯಾದ (ಇಂದಿನ ಟರ್ಕಿ) ಪ್ರಾಚೀನ ವೈದ್ಯ ಅರಿಟೀಯಸ್, ಮಾಂಸವೂ ಅಂಗಾಂಗಗಳೂ ಕರಗಿ ಮೂತ್ರವಾಗಿ ಹೋಗುವ ಕಾಯಿಲೆ ಎಂದು ಬರೆದ. ಸಿಹಿ ಇರುವುದು ಜೊತೆಗಿರುವ ‘ಮೆಲ್ಲಿಟಸ್’ ಎಂಬ ಪದದಲ್ಲಿ; ಅದಕ್ಕೆ ಜೇನಿನ ಸಿಹಿಯುಳ್ಳದ್ದು ಎಂಬ ಅರ್ಥ. ನಮ್ಮ ‘ಮಧುಮೇಹ’ದಲ್ಲಿ ಎರಡೂ ಒಟ್ಟಿಗೇ ಇವೆ: ಮಧು ಎಂದರೆ ಜೇನು, ಮೇಹ ಎಂದರೆ ಮೂತ್ರ ಹರಿಯುವುದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆಯುರ್ವೇದದ ಹಳೆಯ ಗ್ರಂಥಗಳು ಗುರುತಿಸಿದ್ದವು. ಯುರೋಪಿನಲ್ಲಿ ಆ ಸಿಹಿಯ ಬಗ್ಗೆ ಥಾಮಸ್ ವಿಲ್ಲಿಸ್ ಬರೆದದ್ದು 17ನೇ ಶತಮಾನದಲ್ಲಿ, ರುಚಿ ನೋಡಿಯೇ.

‘ಡಯಾಬಿಟಿಸ್ ಇನ್ಸಿಪಿಡಸ್’ ಎಂಬ ಇನ್ನೊಂದಿದೆ. ಇನ್ಸಿಪಿಡಸ್ ಎಂದರೆ ಸಪ್ಪೆ. ಅದಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲ. ದೇಹದಲ್ಲಿ ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ತೊಂದರೆ ಅದು. ಹೆಸರಿನ ಗೊಂದಲದಿಂದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಹಾನಿಯಾದದ್ದರಿಂದ ಹೆಸರನ್ನೇ ಬದಲಾಯಿಸಬೇಕೆಂದು 2022ರಲ್ಲಿ ತಜ್ಞರು ಸೂಚಿಸಿದರು.

ಅಂಗಗಳಿಗೆ ಇಂಥ ವಿಚಿತ್ರ ಹೆಸರು ಕೊಟ್ಟವರು ಯಾರು?

ಕಂಡದ್ದನ್ನು ಕಂಡಂತೆ ಹೇಳಿದವರು. ಕಿವಿಯೊಳಗಿನ ಕಾಕ್ಲಿಯಾ ಬಸವನಹುಳು, ಮೊಣಕಾಲ ಕೆಳಗಿನ ಟಿಬಿಯಾ ಕೊಳಲು, ಪೆಲ್ವಿಸ್ ಬೋಗುಣಿ, ಮೆದುಳಿನ ಹಿಪೊಕ್ಯಾಂಪಸ್ ಕಡಲ್ಗುದುರೆ. ಡ್ಯುವೊಡಿನಂ ಎಂದರೆ ‘ಹನ್ನೆರಡರದ್ದು’. ಅಷ್ಟು ಬೆರಳಗಲ ಉದ್ದ. ಥೈರಾಯ್ಡ್ ಎಂದರೆ ಬಾಗಿಲಿನಂಥ ಉದ್ದ ಗುರಾಣಿಯನ್ನು ಹೋಲುವುದು. ಅದರ ಬೇರಾದ ‘ಥೈರಾ’ ನಮ್ಮ ದ್ವಾರದ ದಾಯಾದಿ. ‘ಮಸಲ್’ ಎಂದರೆ ಪುಟ್ಟ ಇಲಿ. ತೋಳು ಮಡಚಿದಾಗ ಚರ್ಮದಡಿ ಏನೋ ಓಡಿದಂತೆ ಕಾಣುತ್ತದಲ್ಲ, ಅದು. ಗ್ರೀಕಿನ ‘ಮಿಸ್’ಗೂ ಇಲಿ, ಸ್ನಾಯು ಎಂಬ ಎರಡೂ ಅರ್ಥಗಳಿವೆ, ಮತ್ತು ಅದು ನಮ್ಮ ಮೂಷಕದ ಬಂಧು.

ಕಣ್ಣಿನ ‘ಪ್ಯೂಪಿಲ್’ ಇನ್ನೂ ಸೊಗಸು. ಲ್ಯಾಟಿನ್ನಿನ ‘ಪ್ಯೂಪಿಲ್ಲಾ’ ಎಂದರೆ ಪುಟ್ಟ ಗೊಂಬೆ. ಎದುರಿರುವವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಆ ಕಪ್ಪು ಚುಕ್ಕೆಯಲ್ಲಿ ನಿಮ್ಮದೇ ಚಿಕ್ಕ ಪ್ರತಿಬಿಂಬ ಗೊಂಬೆಯಂತೆ ಕಾಣುತ್ತದೆ. ಗ್ರೀಕರು ಅದನ್ನು ‘ಕೊರೆ’, ಹುಡುಗಿ ಎಂದರು. ಕನ್ನಡದವರು ಯಾರನ್ನೂ ಕೇಳದೆ ‘ಕಣ್ಣಪಾಪೆ’ ಎಂದರು. ಇಲ್ಲಿ ಭಾಷೆಗಳ ನಂಟಿಲ್ಲ, ಎಲ್ಲರೂ ಕಂಡದ್ದು ಅದನ್ನೇ.

ವೈರಸ್, ಬ್ಯಾಕ್ಟೀರಿಯಾ, ವ್ಯಾಕ್ಸಿನ್?

‘ವೈರಸ್’ ಲ್ಯಾಟಿನ್ನಿನಲ್ಲಿ ವಿಷ. ನಮ್ಮ ‘ವಿಷ’ವೂ ಅದೂ ಒಂದೇ ಬೇರಿನವು. ಪತ್ರಿಕೆಗಳ ‘ವೈರಾಣು’ ಎಂಬ ಪದ ಸದ್ದನ್ನೂ ಉಳಿಸಿಕೊಂಡು ವೈರವನ್ನೂ ಸೇರಿಸಿಕೊಂಡಿದೆ, ಟಂಕಿಸಿದವರಿಗೆ ನಮಸ್ಕಾರ. ಬ್ಯಾಕ್ಟೀರಿಯಂ ಎಂದರೆ ಪುಟ್ಟ ಕೋಲು, 1828ರಲ್ಲಿ ಎರೆನ್‌ಬರ್ಗ್ ಕೊಟ್ಟ ಹೆಸರು. ಸ್ಟ್ಯಾಫಿಲೊಕಾಕಸ್ ದ್ರಾಕ್ಷಿಗೊಂಚಲು. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ನೆಗಡಿಯ ವೈರಸ್ ಅದಕ್ಕೆ ಜಗ್ಗುವುದಿಲ್ಲ.

‘ವ್ಯಾಕ್ಸಿನ್’ನಲ್ಲಿ ಇರುವುದು ಹಸು, ಲ್ಯಾಟಿನ್ನಿನ ‘ವಕ್ಕಾ’. 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವನ್ನು ಹುಡುಗನೊಬ್ಬನಿಗೆ ಚುಚ್ಚಿ ಸಿಡುಬಿನಿಂದ ರಕ್ಷಣೆ ಸಿಗುವುದನ್ನು ತೋರಿಸಿದ. 1881ರಲ್ಲಿ ಲೂಯಿ ಪಾಶ್ಚರ್, ಜೆನ್ನರನ ಗೌರವಾರ್ಥ ಎಲ್ಲ ಲಸಿಕೆಗಳಿಗೂ ಇದೇ ಹೆಸರು ಇರಲಿ ಎಂದು ಸೂಚಿಸಿದ. ಹಾಗೆ, ಹಸುವಿಗೂ ತನಗೂ ಯಾವ ಸಂಬಂಧವೂ ಇಲ್ಲದ ಪೋಲಿಯೊ ಹನಿಯೂ ವ್ಯಾಕ್ಸಿನ್ ಆಯಿತು.

ಔಷಧಿ ಚೀಟಿಯಲ್ಲಿ ಬಿ.ಡಿ., ಟಿ.ಡಿ.ಎಸ್., ಎಸ್.ಒ.ಎಸ್. ಎಂದರೇನು?

ಎಲ್ಲ ಲ್ಯಾಟಿನ್ ಸಂಕ್ಷೇಪಗಳು. ಬಿ.ಡಿ. ಎಂದರೆ ದಿನಕ್ಕೆರಡು ಬಾರಿ, ಟಿ.ಡಿ.ಎಸ್. ಮೂರು ಬಾರಿ, ಎಚ್.ಎಸ್. ಮಲಗುವ ಹೊತ್ತಿಗೆ, ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟವಾದ ಮೇಲೆ, ಸ್ಟ್ಯಾಟ್ ಎಂದರೆ ಈಗಲೇ. ಎಸ್.ಒ.ಎಸ್. ಎಂಬುದು ಹಡಗು ಮುಳುಗುವಾಗಿನ ಕೂಗಲ್ಲ, ‘ಸಿ ಓಪಸ್ ಸಿಟ್’, ಬೇಕಾದರೆ ಮಾತ್ರ. ನೋವಿದ್ದರೆ ನುಂಗಿ, ಇಲ್ಲದಿದ್ದರೆ ಬೇಡ. ಚೀಟಿಯ ತಲೆಯಲ್ಲಿ ಕಾಲಿಗೆ ಗೀಟು ಬಿದ್ದ ಆರ್ ಅಕ್ಷರ ‘ರೆಸಿಪೆ’, ಅಂದರೆ ‘ತೆಗೆದುಕೊ’.

ಒ.ಡಿ. ಬಗ್ಗೆ ಮಾತ್ರ ಎಚ್ಚರ. ಮಾತ್ರೆಯ ಚೀಟಿಯಲ್ಲಿ ಅದು ದಿನಕ್ಕೊಮ್ಮೆ, ಕಣ್ಣಿನ ವೈದ್ಯರ ಚೀಟಿಯಲ್ಲಿ ಬಲಗಣ್ಣು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನ ತೆಗೆದುಕೊಳ್ಳುವ ಔಷಧಿ. ಅದನ್ನು ತಪ್ಪಿ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಅಕ್ಷರ ಸ್ಪಷ್ಟವಿಲ್ಲದಿದ್ದರೆ ಊಹಿಸಬೇಡಿ. ಪೂರ್ತಿ ಪದದಲ್ಲಿ, ನಿಮಗೆ ಬರುವ ಭಾಷೆಯಲ್ಲಿ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮ್ಮದು.

ಮಾತ್ರೆಗಳ ಹೆಸರಿಗೂ ಅರ್ಥವಿದೆಯೇ?

ಕಂಪನಿ ಇಟ್ಟ ಹೆಸರನ್ನು ಬಿಟ್ಟು ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಓದಿ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಈ ಹೆಸರುಗಳ ಪಟ್ಟಿ ಪ್ರಕಟಿಸುತ್ತಿದೆ. ಒಂದೇ ಗುಂಪಿನ ಔಷಧಿಗಳಿಗೆ ಒಂದೇ ಬಾಲ. ‘ಓಲೊಲ್’ ಇದ್ದರೆ ಹೃದಯಬಡಿತ, ರಕ್ತದೊತ್ತಡ ತಗ್ಗಿಸುವ ಬೀಟಾ ಬ್ಲಾಕರ್ (ಮೆಟೊಪ್ರೊಲೊಲ್), ‘ಸಾರ್ಟಾನ್’ ಇದ್ದರೆ ರಕ್ತದೊತ್ತಡದ್ದು (ಟೆಲ್ಮಿಸಾರ್ಟಾನ್), ‘ಸ್ಟ್ಯಾಟಿನ್’ ಇದ್ದರೆ ಕೊಲೆಸ್ಟರಾಲ್ ಇಳಿಸುವುದು, ‘ಸಿಲಿನ್’ ಇದ್ದರೆ ಪೆನಿಸಿಲಿನ್ ಬಳಗ. ಪೆನಿಸಿಲಿನ್ ಅಲರ್ಜಿ ಇರುವವರು ಈ ಕೊನೆಯ ಬಾಲವನ್ನು ಕಂಠಪಾಠ ಮಾಡಿಕೊಳ್ಳಲೇಬೇಕು. ‘ಪ್ರಜೋಲ್’ ಸಾಮಾನ್ಯವಾಗಿ ಹೊಟ್ಟೆಯ ಆಮ್ಲ ತಗ್ಗಿಸುವುದು (ಪ್ಯಾಂಟೊಪ್ರಜೋಲ್), ಆದರೆ ಅರಿಪಿಪ್ರಜೋಲ್ ಮನೋರೋಗದ ಔಷಧಿ. ಬಾಲವನ್ನಷ್ಟೇ ನೋಡಿ ಮಾತ್ರೆ ಬದಲಾಯಿಸುವ ಸಾಹಸ ಬೇಡ.

ಕೆಲವು ಹೆಸರುಗಳ ಹಿಂದೆ ಕಥೆಯೇ ಇದೆ. ಮಾರ್ಫೀನ್‌ಗೆ ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಮೊದಲ ಭಾಗ ಅದಕ್ಕೆ ಹಣ ಒದಗಿಸಿದ ಅಮೆರಿಕದ ವಿಸ್ಕಾನ್ಸಿನ್ ಸಂಶೋಧನಾ ಪ್ರತಿಷ್ಠಾನದ ಹೆಸರಿನ ಮೊದಲಕ್ಷರಗಳು. ಮನುಷ್ಯರಿಗೆ ಬರುವ ಮುಂಚೆ ಅದು ಇಲಿ ಪಾಷಾಣವಾಗಿತ್ತು.

ಪರೀಕ್ಷೆ ‘ಪಾಸಿಟಿವ್’ ಬಂದರೆ ಒಳ್ಳೆಯದೇ, ಕೆಟ್ಟದ್ದೇ?

ಹುಡುಕಿದ್ದು ಸಿಕ್ಕಿತು ಎಂದರ್ಥ, ಅಷ್ಟೇ. ಗರ್ಭಧಾರಣೆಯ ಪರೀಕ್ಷೆಯಲ್ಲಿ ಅದು ಸಿಹಿಸುದ್ದಿಯಾಗಬಹುದು, ಕ್ಷಯದ ಪರೀಕ್ಷೆಯಲ್ಲಿ ಅಲ್ಲ. ‘ಅನ್‌ರಿಮಾರ್ಕಬಲ್’ ಎಂದಿದ್ದರೆ ಖುಷಿಪಡಿ, ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ‘ಇಡಿಯೊಪಥಿಕ್’ ಎಂದರೆ ಕಾರಣ ತಿಳಿದಿಲ್ಲ ಎಂಬುದನ್ನು ಘನತೆಯಿಂದ ಹೇಳುವ ವಿಧಾನ.

ಸಿಸೇರಿಯನ್ ಎಂಬ ಹೆಸರು ಜೂಲಿಯಸ್ ಸೀಸರನಿಂದ ಬಂದದ್ದೇ?

ಅನುಮಾನ. ಅಂದಿನ ಕಾಲದಲ್ಲಿ ಹೊಟ್ಟೆ ಕೊಯ್ದರೆ ತಾಯಿ ಉಳಿಯುತ್ತಿರಲಿಲ್ಲ; ಸೀಸರನ ತಾಯಿ ಆರೀಲಿಯಾ ಮಗ ದೊಡ್ಡವನಾಗುವವರೆಗೂ ಬದುಕಿದ್ದಳು. ಕತ್ತರಿಸು ಎಂಬರ್ಥದ ಲ್ಯಾಟಿನ್ ‘ಕೇಡೆರೆ’ಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಕನ್ನಡದ ಹಳೆಯ ರೋಗನಾಮಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆಯೇ?

ಧಾರಾಳವಾಗಿ. ಮೈಗ್ರೇನ್ ಎಂದರೆ ಗ್ರೀಕಿನ ‘ಹೆಮಿಕ್ರಾನಿಯಾ’, ಅರ್ಧ ತಲೆಬುರುಡೆ. ನಮ್ಮ ಅರೆತಲೆನೋವು ಅಷ್ಟೇ ಚೆನ್ನಾಗಿದೆ. ಟೆಟನಸ್ ಎಂದರೆ ಬಿಗಿದೆಳೆದದ್ದು. ‘ಧನುರ್ವಾಯು’ ಎಂದಾಗ ಬೆನ್ನು ಬಿಲ್ಲಿನಂತೆ ಬಾಗಿದ ರೋಗಿಯೇ ಕಣ್ಣ ಮುಂದೆ ಬರುತ್ತಾನೆ. ದಡಾರ, ನಾಯಿಕೆಮ್ಮು, ಆನೆಕಾಲು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಂದರೆ ಬರುವುದು ಒಂದು ಪದ ಎರಡು ರೋಗಕ್ಕೆ ಹಂಚಿಹೋದಾಗ. ‘ಲಕ್ವ’ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದು ಮುಖ ಸೊಟ್ಟಗಾಗುವುದಕ್ಕೆ ಹೆಸರು. ನಾವು ಅದನ್ನು ಮುಖದ ನರ ಕೆಟ್ಟಾಗಲೂ, ಪಾರ್ಶ್ವವಾಯು ಬಡಿದಾಗಲೂ ಬಳಸುತ್ತೇವೆ. ಮೊದಲನೆಯದು ಬಹುಮಟ್ಟಿಗೆ ವಾಸಿಯಾಗುತ್ತದೆ, ಎರಡನೆಯದರಲ್ಲಿ ಮೆದುಳಿಗೆ ರಕ್ತ ಹರಿಯುವುದು ನಿಂತಿರುತ್ತದೆ ಅಥವಾ ಒಳಗೆ ರಕ್ತಸ್ರಾವವಾಗಿರುತ್ತದೆ. ಮನೆಯಲ್ಲಿ ಕುಳಿತು ಯಾವುದೆಂದು ನಿರ್ಧರಿಸಲು ಹೋಗಬೇಡಿ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ರೋಗಗಳಿಗೆ ಮನುಷ್ಯರ ಹೆಸರು, ಊರಿನ ಹೆಸರು ಇಡುವುದೇಕೆ?

ಮೊದಲು ವಿವರಿಸಿದವರ ನೆನಪಿಗೆ. ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ‘ನಡುಗುವ ಪಾರ್ಶ್ವವಾಯು’ ಎಂದು ಬರೆದದ್ದು ಮುಂದೆ ಅವನ ಹೆಸರಿನ ಕಾಯಿಲೆಯಾಯಿತು. ಆಲೋಯಿಸ್ ಆಲ್ಝೈಮರ್ ತನ್ನ ರೋಗಿಯೊಬ್ಬಳ ಮೆದುಳಿನ ಬಗ್ಗೆ ಉಪನ್ಯಾಸ ಕೊಟ್ಟದ್ದು 1906ರಲ್ಲಿ. ಇಂಥ ಹೆಸರುಗಳಿಂದ ರೋಗದ ಬಗ್ಗೆ ಏನೂ ತಿಳಿಯುವುದಿಲ್ಲ ಎಂಬ ಆಕ್ಷೇಪವಿದೆ, ನಿಜವೇ. ಆದರೆ ಕೆಲವೊಮ್ಮೆ ಅದೇ ಅವುಗಳ ಗುಣ. ಕುಷ್ಠ ಎಂಬ ಪದ ಹೊತ್ತ ಕಳಂಕವನ್ನು ‘ಹ್ಯಾನ್ಸೆನ್ ಕಾಯಿಲೆ’ ಹೊತ್ತಿಲ್ಲ. 1873ರಲ್ಲಿ ಅದರ ಬ್ಯಾಕ್ಟೀರಿಯಾವನ್ನು ಕಂಡ ನಾರ್ವೆಯ ವೈದ್ಯ ಹ್ಯಾನ್ಸೆನ್.

ಊರಿನ ಹೆಸರಿನದು ಬೇರೆ ಕಥೆ. ಎಬೊಲಾ ಒಂದು ನದಿ, ಝಿಕಾ ಒಂದು ಕಾಡು. ಆ ಪ್ರದೇಶಗಳಿಗೆ ಆ ಹೆಸರೇ ಶಾಶ್ವತ ಕಳಂಕ. ಅದಕ್ಕೆಂದೇ ಹೊಸ ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. 2022ರಲ್ಲಿ ಮಂಕಿಪಾಕ್ಸ್ ‘ಎಂಪಾಕ್ಸ್’ ಆದದ್ದು ಇದೇ ಕಾರಣಕ್ಕೆ. 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಾಲಯದಲ್ಲಿದ್ದ ಮಂಗಗಳಲ್ಲಿ ಅದು ಮೊದಲು ಕಂಡಿತ್ತು ಎಂಬುದನ್ನು ಬಿಟ್ಟರೆ ಮಂಗಗಳದ್ದು ಏನೂ ತಪ್ಪಿರಲಿಲ್ಲ.